ಅಕ್ಕನ ತದಿಗೆಯ ಪೇರಲ

ನಮ್ಮ ನೀಲಕ್ಕತ್ತೆ ಹಬ್ಬದ ಅಡುಗೆ ಮಾಡುವಾಗ ರುಚಿ ನೋಡುವವಳಲ್ಲ. ಸಾರಿನ ಸೌಟನ್ನು ಮೂಗಿನ ಹತ್ತಿರ ಹಿಡಿದು, ಉಪ್ಪು ಸಾಲದು ಎಂದು ಹೇಳಿಬಿಡುತ್ತಾಳೆ. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತದೆ ಎನ್ನುವುದು ಬೇರೆ ಮಾತು. ಈ ಪಾಠ ಕಲಿಸಿದವರು ಅವಳ ಅತ್ತೆ ಗುರುಬಸವ್ವಜ್ಜಿ. ದೇವರಿಗೆ, ಮನೆಗೆ ಬಂದ ಅಯ್ಯನವರಿಗೆ, ಹಬ್ಬಕ್ಕೆ ಬಂದ ತವರಿನವರಿಗೆ ಬಡಿಸುವುದನ್ನು ಮಾಡಿದವಳು ಮೊದಲು ನಾಲಗೆಗೆ ಹಚ್ಚಬಾರದು ಎಂಬುದು ಆ ಮುದುಕಿಯ ಕಾನೂನು. "ನೀ ನೆಕ್ಕಿದ ಮ್ಯಾಲೆ ಅದು ಎಡಿ ಅಲ್ಲವಾ, ಎಂಜಲಾ" ಎನ್ನುವರು. ನೀಲಕ್ಕತ್ತೆ ಮದುವೆಯಾಗಿ ಚಿಗಳ್ಳಿಗೆ ಬಂದ ಹೊಸದರಲ್ಲಿ ಒಮ್ಮೆ ಗೋದಿ ಹುಗ್ಗಿಯ ಚಮಚ ಬಾಯಿಗಿಟ್ಟಿದ್ದಕ್ಕೆ ಇಡೀ ಪಾತ್ರೆಯನ್ನು ದನಕ್ಕೆ ಹಾಕಿಸಿದ್ದರಂತೆ. ನಾನಾಗಿದ್ದರೆ ಮರುದಿನವೇ ತವರಿನ ಬಸ್ಸು ಹತ್ತುತ್ತಿದ್ದೆ. ಅತ್ತೆ ಹತ್ತಲಿಲ್ಲ. ಹತ್ತಿ ಹೋದರೆ ಕೇಳಲು ತವರಿನಲ್ಲಿ ತಾಯಿ ಇರಲಿಲ್ಲ.

ನಾನು ಅವಳ ತಮ್ಮ ರುದ್ರೇಶನ ಒಬ್ಬಳೇ ಮಗಳು, ರಾಜಶ್ರೀ. ಹೆಸರಿಗೆ ತಮ್ಮ ಅಷ್ಟೆ, ನಿಜವಾಗಿ ನೋಡಿದರೆ ಅಪ್ಪ ಅವಳ ಮೊದಲ ಮಗ. ಹಳಿಯಾಳದ ನಮ್ಮ ಮನೆಯಲ್ಲಿ ಅವರಿಬ್ಬರ ತಾಯಿ, ನನ್ನ ಅಜ್ಜಿ, ತೀರಿಕೊಂಡಾಗ ಅತ್ತೆ ಇನ್ನೂ ಎರಡು ಜಡೆಯ ಹುಡುಗಿ, ಅಪ್ಪನಿಗೆ ಚಡ್ಡಿ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಸಾವು, ಅದು ಮುಗಿಯುತ್ತಿದ್ದಂತೆ ದೀಪಾವಳಿ. ನಮ್ಮಲ್ಲಿ ಸತ್ತವರ ಮನೆಯಲ್ಲಿ ವರ್ಷ ತುಂಬುವ ತನಕ ಬಾಣಲೆಗೆ ಎಣ್ಣೆ ಬೀಳುವುದಿಲ್ಲ, ಹೋಳಿಗೆ ತಟ್ಟುವುದಿಲ್ಲ. ದೊಡ್ಡವರಿಗೆ ಅದು ದುಃಖದ ಲಕ್ಷಣ. ಅಪ್ಪನಿಗೆ ಮಾತ್ರ ಓಣಿಯ ಎಲ್ಲರ ಮನೆಯಿಂದ ಕರಿದ ವಾಸನೆ ಬಂದು ನಮ್ಮ ಮನೆಯಿಂದ ಬಾರದೆ ಇದ್ದದ್ದು ದೊಡ್ಡ ಅನ್ಯಾಯವಾಗಿ ಕಂಡಿತ್ತು.

ಪಾಡ್ಯ, ಬಿದಿಗೆ ಕಳೆದರೆ ಅಕ್ಕನ ತದಿಗೆ. ಅವತ್ತು ತಮ್ಮ ಅಕ್ಕನ ಕೈಯಡುಗೆ ಉಣ್ಣಬೇಕು, ಅಕ್ಕ ಅವನ ಬಾಯಿಗೆ ಸಿಹಿ ಇಟ್ಟು ಆರತಿ ಮಾಡಬೇಕು. ತಮ್ಮ ಸಿಹಿ ಸಿಹಿ ಎಂದು ಹೊರಳಾಡಿ ಅತ್ತಾಗ ಅತ್ತೆ ಹಿತ್ತಲಿಗೆ ಹೋಗಿ ಪೇರಲ ಗಿಡದಿಂದ ದೋರೆಗಾಯಿ ಕಿತ್ತು ತಂದು, ಬೆಲ್ಲದ ನೀರಿನಲ್ಲಿ ಬೇಯಿಸಿ ಕೊಟ್ಟಳು. ಬಾಣಲೆ ಇಡಲಿಲ್ಲ, ಹೋಳಿಗೆ ತಟ್ಟಲಿಲ್ಲ. ಹಣ್ಣು ಬೇಯಿಸಿದರೆ ಯಾವ ಶಾಸ್ತ್ರ ಕೆಟ್ಟೀತು ಎಂದು ಆ ವಯಸ್ಸಿಗೇ ವಕೀಲಿ ಮಾಡಿದ್ದಳು.

ಅಲ್ಲಿಂದ ಮುಂದೆ ಯಾವ ತದಿಗೆಯೂ ಪೇರಲ ಇಲ್ಲದೆ ಕಳೆದಿಲ್ಲ. ಮದುವೆಯಾದಾಗ ಅತ್ತೆ ಹಳಿಯಾಳದ ಗಿಡದ ಸಸಿಯನ್ನು ತೆಂಗಿನ ಚಿಪ್ಪಿನಲ್ಲಿಟ್ಟುಕೊಂಡು ಚಿಗಳ್ಳಿಗೆ ಒಯ್ದಳು. ಒಳಗೆ ಕೆಂಪಗಿರುವ ಜಾತಿ. ಅದು ಅಲ್ಲಿ ಹಿತ್ತಲಿನಲ್ಲಿ ಬೆಳೆದು ಮಳೆ ನಿಂತ ಕೂಡಲೇ ಹಣ್ಣು ಬಿಡುತ್ತದೆ. ಮಾಡುವುದೇನು ಮಹಾ ವಿದ್ಯೆಯಲ್ಲ. ಪೂರ್ತಿ ಹಣ್ಣಾಗದ ಪೇರಲದ ಸಿಪ್ಪೆ ತೆಗೆದು, ಎರಡು ಹೋಳು ಮಾಡಿ, ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆಯಬೇಕು. ಬೆಲ್ಲ ಕರಗಿಸಿ, ಮಣ್ಣು ಕಸ ಹೋಗುವಂತೆ ಅರಿವೆಯಲ್ಲಿ ಸೋಸಿ, ಲವಂಗ, ಏಲಕ್ಕಿ ಹಾಕಿ, ಹೋಳುಗಳನ್ನು ಅದರಲ್ಲಿ ಬಿಟ್ಟು ಸಣ್ಣ ಉರಿಯಲ್ಲಿ ಮುಚ್ಚಿಡಬೇಕು. ನೀರು ಕೊತಕೊತ ಕುದಿಯಬಾರದು, ಸುಮ್ಮನೆ ಮಿಸುಕಾಡಬೇಕು. ಬೆಂದ ಮೇಲೆ ಅದೇ ರಸದಲ್ಲಿ ಆರಬೇಕು. ನಾನು ಕೆಲಸ ಮಾಡುವ ದಾಂಡೇಲಿಯ ರೆಸಾರ್ಟಿನಲ್ಲಿ ಇಂಥದ್ದನ್ನೇ ಗಾಜಿನ ಬಟ್ಟಲಲ್ಲಿಟ್ಟು ಪುದೀನ ಎಲೆ ಸಿಗಿಸಿ ಕೊಡುತ್ತಾರೆ. ಅತಿಥಿಗಳು ಫೋಟೋ ತೆಗೆದು ಅರ್ಧ ಬಿಟ್ಟು ಏಳುತ್ತಾರೆ.

ಅಪ್ಪ ಅರ್ಧ ಬಿಟ್ಟವನಲ್ಲ. ಬಟ್ಟಲು ಬಳಿದು ತಿಂದ ಮೇಲೆ ಸಿಹಿ ಹೆಚ್ಚಾಯಿತೆಂದು ಅವನದೊಂದು ಮಾತು ಇದ್ದೇ ಇರುತ್ತಿತ್ತು: "ಬೆಲ್ಲ ಸ್ವಲ್ಪ ಮುಂದ ಆಗೈತಿ ನೋಡಕ್ಕ." ಅತ್ತೆ ಸೌಟು ಎತ್ತುತ್ತಿದ್ದಳು. "ಮುಂದಾಗಿದ್ರ ಬಿಡು, ಯಾರು ತಿನ್ನಂದ್ರು?" ಎನ್ನುತ್ತಲೇ ಇನ್ನೊಂದು ಹೋಳು ಹಾಕುತ್ತಿದ್ದಳು. ಪ್ರತಿ ವರ್ಷ ಅದೇ ಮಾತು, ಅದೇ ಸೌಟು. ಅವರಿಬ್ಬರಿಗೆ ಅದೇ ಹಬ್ಬ.

ಅಪ್ಪ ಲಾರಿ ಓಡಿಸುತ್ತಿದ್ದ. ರಾಮನಗರ ದಾಟಿ, ಘಟ್ಟ ಇಳಿದು ಗೋವಾಕ್ಕೆ ಕಾಯಿಪಲ್ಲೆ ಮುಟ್ಟಿಸುವ ಕೆಲಸ. ಗಾಡಿ ಮೇಲೆ ನಿದ್ದೆ ಬರಬಾರದೆಂದು ಶುರುವಾದ ಗುಟ್ಕಾ ಆಮೇಲೆ ಗಾಡಿ ಇಲ್ಲದಾಗಲೂ ಬೇಕಾಯಿತು. ಆ ಹಾಳು ಚೀಟುಗಳನ್ನು ನನ್ನ ಅವ್ವ ನಿರ್ಮಲಾ ಅವನ ಅಂಗಿ ಒಗೆಯುವಾಗ ಕಿಸೆಯಿಂದ ತೆಗೆದು ಒಲೆಗೆ ಹಾಕಿದಳು. ನಾನು ಜಗಳಾಡಿ ಮಾತು ಬಿಟ್ಟೆ. ಅತ್ತೆ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಮೂವರಿಗೂ ಹೂಂ ಎಂದು, ಮೂವರ ಬೆನ್ನ ಹಿಂದೆಯೂ ತಿಂದ. ಅಷ್ಟು ಒಳ್ಳೆಯ ಮನುಷ್ಯ ಅಷ್ಟು ಸಲೀಸಾಗಿ ಹೇಗೆ ಸುಳ್ಳು ಹೇಳುತ್ತಿದ್ದ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಮೊದಲು ಖಾರ ತಾಗದಾಯಿತು. ಆಮೇಲೆ ರೊಟ್ಟಿ ತುತ್ತಿಗೆ ಬಾಯಿ ಅಗಲವಾಗದಾಯಿತು. ಕೊನೆಗೆ ಒಳಗೆನ್ನೆಯಲ್ಲಿ ಮಾಯದ ಹುಣ್ಣು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕೆನ್ನೆ ಕೊಯ್ದರು, ರೇಡಿಯೇಷನ್ನಿನ ಕರೆಂಟ್ ಕೊಟ್ಟರು. ಕರೆಂಟ್ ಕೊಟ್ಟ ಮೇಲೆ ಅಪ್ಪನ ನಾಲಗೆಗೆ ರುಚಿಯೇ ಹೋಯಿತು. ಅನ್ನ, ಹಾಲು, ಬಾಳೆಹಣ್ಣು, ಎಲ್ಲವೂ ಬಾಯಲ್ಲಿ ಮಣ್ಣು ಇಟ್ಟ ಹಾಗೆ ಆಗುತ್ತದೆ ಎನ್ನುತ್ತಿದ್ದ. ಕೆಲವು ತಿಂಗಳಲ್ಲಿ ತಾನಾಗಿ ಬರುತ್ತದೆ, ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದ್ದರು.

ಅತ್ತೆ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರುಚಿ ಬಂತೆಂದರೆ ಬೇನೆ ಹೋಯಿತು ಎಂದೇ ಲೆಕ್ಕ. ಹಾಗೆಂದು ಯಾವ ಡಾಕ್ಟರೂ ಹೇಳಿರಲಿಲ್ಲ, ಆದರೆ ನಾವು ಯಾರೂ ಅವಳನ್ನು ತಿದ್ದಲಿಲ್ಲ. ನಮಗೂ ಹಿಡಿದುಕೊಳ್ಳಲು ಬೇರೆ ಏನಿತ್ತು? ದಿನಾ ಸಂಜೆ ಫೋನು ಮಾಡಿ ಅವಳು ಕೇಳುವ ಪ್ರಶ್ನೆ ಒಂದೇ: "ರುಚಿ ಬಂತೇನೋ ರುದ್ರಾ?" ಅಪ್ಪನದು ಒಂದೇ ಉತ್ತರ: "ಬರ್ತೈತಿ ಬಿಡಕ್ಕ." ದಸರೆಯ ಹೊತ್ತಿಗೆ ಒಂದು ಸಂಜೆ ಉತ್ತರ ಬದಲಾಯಿತು. "ಬಂದೈತಿ ಅಕ್ಕ. ನಿನ್ನೆ ಚಾದಾಗ ಸಕ್ರಿ ಗೊತ್ತಾತು" ಎಂದ. ಅತ್ತೆ ಮರುದಿನ ಬೆಳಿಗ್ಗೆ ಬಸವಣ್ಣನ ಗುಡಿಗೆ ಹೋಗಿ ಕಾಯಿ ಒಡೆಸಿದಳು. ಗಂಡ ಕರಿಬಸಪ್ಪ ಮಾವನಿಗೆ ಸಕ್ಕರೆ ಕಾಯಿಲೆ ಎನ್ನುವುದನ್ನೂ ಮರೆತು ಅವನ ಕೈಗೂ ಪೇಡೆ ಇಟ್ಟಳಂತೆ.

ಹೋದ ವರ್ಷದ ತದಿಗೆಗೆ ಅಪ್ಪ ಚಿಗಳ್ಳಿಗೆ ಒಬ್ಬನೇ ಹೋದ. ಅವ್ವನ ತಮ್ಮ ನಮ್ಮ ಮನೆಗೆ ಬರುವವನಿದ್ದ, ಅವಳು ಬಿಟ್ಟು ಹೋಗುವಂತಿರಲಿಲ್ಲ. ದೀಪಾವಳಿಯ ರಜೆಗೆ ರೆಸಾರ್ಟು ತುಂಬಿ ನನಗೂ ಬಿಡುವು ಸಿಗಲಿಲ್ಲ. ಅಪ್ಪನ ಗೆಳೆಯ ಅಂದಾನೆಪ್ಪ ಕಾಕಾ ಮುಂಡಗೋಡಿನ ತನ್ನ ಅಕ್ಕನ ಮನೆಗೆ ಹೊರಟಿದ್ದ. ಹುಬ್ಬಳ್ಳಿ ದವಾಖಾನೆಗೆ ಅಪ್ಪನನ್ನು ಕರೆದುಕೊಂಡು ಹೋಗಿ ಬರುತ್ತಿದ್ದವನೂ ಅವನೇ. ಅಪ್ಪನನ್ನು ಚಿಗಳ್ಳಿಯಲ್ಲಿ ಇಳಿಸಿ, ಬರುವಾಗ ಹತ್ತಿಸಿಕೊಳ್ಳುತ್ತೇನೆ ಎಂದ.

ಅವತ್ತು ಅಲ್ಲಿ ನಡೆದದ್ದನ್ನು ಅತ್ತೆ ಒಂದು ವರ್ಷ ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದು ಈ ವರ್ಷದ ತದಿಗೆಯ ಹಿಂದಿನ ದಿನ, ಇಬ್ಬರೂ ಚಿಗಳ್ಳಿಯ ಹಿತ್ತಲ ಕಟ್ಟೆಯ ಮೇಲೆ ಕೂತು ಪೇರಲದ ಸಿಪ್ಪೆ ತೆಗೆಯುವಾಗ.

ಅಪ್ಪನ ಬಾಯಿ ಬೆರಳು ಹೋಗುವಷ್ಟೇ ತೆರೆಯುತ್ತಿತ್ತು. ಹಾಗಾಗಿ ಅವಳು ಹೋದ ವರ್ಷ ಮಾಡುವ ರೀತಿಯನ್ನೇ ಬದಲಿಸಿದಳು. ಬೆಲ್ಲದ ನೀರಿನಲ್ಲಿ ಮೊದಲಿನಿಂದ ಬೇಯಿಸಿದರೆ ಪೇರಲ ಗಟ್ಟಿಯಾಗಿಯೇ ಉಳಿಯುತ್ತದೆ. ಬರೀ ನೀರಿನಲ್ಲಿ ಬೆಣ್ಣೆಯ ಹಾಗೆ ಬೇಯಿಸಿ, ಆಮೇಲೆ ಬೆಲ್ಲದ ನೀರು ಹೊಯ್ದು ಇನ್ನೊಂದು ಕುದಿ ತೆಗೆಯುವುದು ಎಂದು ಯೋಚಿಸಿದಳು. ಉರಿಯಬಾರದೆಂದು ಲವಂಗ ಬಿಟ್ಟಳು. ಬೆಲ್ಲದ ಮಣ್ಣಿನ ಕಣ ಗಂಟಲಿಗೆ ಸಿಕ್ಕೀತೆಂದು, ಕರಗಿಸಿದ ನೀರನ್ನು ಎರಡೆರಡು ಸಲ ಸೋಸಿ, ಉಳಿದದ್ದು ತಳಕ್ಕೆ ಕೂರಲೆಂದು ಹಿತ್ತಾಳೆ ತಂಬಿಗೆಯಲ್ಲಿ ಮುಚ್ಚಿ ಗೋಡೆಯ ಹಲಗೆ, ನಾಗೊಂದಿಗೆಯ ಮೇಲಿಟ್ಟಳು. ಪೇರಲ ಬೆಂದು ಅದರ ಕೆಂಪು ನೀರಿಗೆ ಇಳಿದಿತ್ತು. ಅಷ್ಟರಲ್ಲಿ ಹೊರಗೆ ಗಾಡಿಯ ಸದ್ದಾಯಿತು.

ಕೊಯ್ದ ಕೆನ್ನೆ, ತೂಗಾಡುವ ಅಂಗಿ, ಆದರೂ ನಗುತ್ತ ಬಂದ ತಮ್ಮ. ಅತ್ತೆ ಒಲೆ ಆರಿಸಿ ಹೊರಗೋಡಿದಳು. ಕಾಲಿಗೆ ನೀರು ಕೊಟ್ಟಳು, ದೃಷ್ಟಿ ತೆಗೆದಳು, ಸೆರಗಿನಿಂದ ಅವನ ಮುಖ ಒರೆಸಿದಳು. ಅಳಬಾರದು, ಅಳಬಾರದು ಎಂದು ತನಗೆ ತಾನೇ ಹೇಳಿಕೊಳ್ಳುವುದರಲ್ಲಿ ಉಳಿದದ್ದೆಲ್ಲ ತಲೆಯಿಂದ ಹೋಯಿತು. ಆರತಿಯ ತಟ್ಟೆ ತಂದಳು. ಬಟ್ಟಲಲ್ಲಿ ಪೇರಲ ತಂದಳು. ಮೊದಲ ಹೋಳನ್ನು ಚಿವುಟಿ ತನ್ನ ಕೈಯಿಂದ ಅವನ ತುಟಿಯ ಸಂದಿಗೆ ಇಟ್ಟಳು.

ಅಪ್ಪ ನಿಧಾನವಾಗಿ ನುಂಗಿದ. ಕಣ್ಣು ಮುಚ್ಚಿಕೊಂಡು ತಲೆ ಆಡಿಸಿದ. ಬಟ್ಟಲು ಕೈಗೆ ತೆಗೆದುಕೊಂಡು, ತುತ್ತನ್ನು ಬೆರಳಿನಿಂದ ಬಾಯಿಯ ಒಂದು ಪಕ್ಕಕ್ಕೆ ಸರಿಸಿಕೊಳ್ಳುತ್ತ, ಅಷ್ಟನ್ನೂ ತಿಂದ. ಆಮೇಲೆ ತನ್ನ ಮಾತು ಹೇಳಿದ.

"ಬೆಲ್ಲ ಸ್ವಲ್ಪ ಮುಂದ ಆಗೈತಿ ನೋಡಕ್ಕ."

ಅತ್ತೆ ಜೋರಾಗಿ ನಕ್ಕಳಂತೆ. ಪಡಸಾಲೆಯಲ್ಲಿ ಕೂತಿದ್ದ ಗುರುಬಸವ್ವಜ್ಜಿ ಏನಾಯಿತೆಂದು ಕೇಳಿದರು. "ಇವಂಗ ಬೆಲ್ಲ ಹೆಚ್ಚು ಕಡಿಮಿ ಗೊತ್ತಾಗಾಕತ್ತೈತ್ರಿ ಅತ್ತಿ! ನಾಲಿಗಿ ಬಂತ್ರಿ!" ಎಂದು ಅತ್ತೆ ಕೂಗಿ ಹೇಳಿದಳು. ಇಷ್ಟು ತಿಂಗಳಲ್ಲಿ ಅಷ್ಟು ಸಂತೋಷ ಆಗಿರಲೇ ಇಲ್ಲ ಎಂದು ನನಗೆ ಹೇಳುವಾಗ ಅವಳ ಕೈಯಲ್ಲಿದ್ದ ಚಾಕು ಸುಮ್ಮನೆ ನಿಂತಿತ್ತು.

"ಉಳಿದದ್ದು ಡಬ್ಬಿಗೆ ಹಾಕಿ ಕೊಡಕ್ಕ. ನಿರ್ಮಲಾನೂ ರಾಜೀನೂ ತಿನ್ಲಿ" ಎಂದ ಅಪ್ಪ. ಅತ್ತೆ ಡಬ್ಬಿ ತರಲು ಒಳಗೆ ಹೋಗಿ ನಾಗೊಂದಿಗೆಗೆ ಕೈ ಚಾಚಿದಳು. ಕೈಗೆ ತಂಬಿಗೆ ತಾಗಿತು. ತುಂಬಿದ ತಂಬಿಗೆ.

ಮೊದಲು ಅದೇನೆಂದೇ ಹೊಳೆಯಲಿಲ್ಲವಂತೆ. ಮುಚ್ಚಳ ತೆಗೆದಳು. ಬೆಲ್ಲದ ನೀರು ಸೋಸಿಟ್ಟ ಹಾಗೆಯೇ ಇತ್ತು. ಪಾತ್ರೆಯಲ್ಲಿ ಉಳಿದ ಪೇರಲದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡಳು. ಚಪ್ಪೆ. ಚಪ್ಪೆಯ ಹಿಂದೆ ಒಗರು. ದನವೂ ಮೂಸಿ ಬಿಡುವಂಥದ್ದು. ಅದನ್ನು ಅವನು ಬಟ್ಟಲು ಬಳಿದು ತಿಂದಿದ್ದ.

"ರಾಜಿ, ನನಗ ಕೂಗಬೇಕನಿಸ್ತು" ಎಂದಳು ಅತ್ತೆ. "ಆದ್ರ ಅವ ಹೊರಗ ನಮ್ಮತ್ತಿ ಕೂಡ ನಕ್ಕೋತ ಮಾತಾಡಾಕತ್ತಿದ್ದ."

ಅವಳು ಕೂಗಲಿಲ್ಲ. ಒಲೆ ಹಚ್ಚಿದಳು. ತಂಬಿಗೆಯ ನೀರನ್ನೆಲ್ಲ ಪಾತ್ರೆಗೆ ಹೊಯ್ದು, ಏಲಕ್ಕಿ ಹಾಕಿ ಚೆನ್ನಾಗಿ ಕುದಿಸಿದಳು. ಚಪ್ಪೆ ಪೇರಲ ಹಳಿಯಾಳಕ್ಕೆ ಹೋದರೆ ಹೆಂಡತಿ ಮಗಳ ಮುಂದೆ ಅವನ ಸುಳ್ಳು ಬಯಲಾಗುತ್ತಿತ್ತು. ಅಜ್ಜಿ ತಮಗೂ ಬೇಕೆಂದಾಗ, "ಇನ್ನೂ ಬಿಸಿ ಐತ್ರಿ, ಆರ್ಲಿ" ಎಂದು ಸಾಗಹಾಕಿದಳು. ಕುದಿಯುವಷ್ಟು ಹೊತ್ತೂ ಅವಳಿಗೆ ಒಂದೇ ಯೋಚನೆ. ಇಷ್ಟು ಸುಳ್ಳು ಹೇಳಬಲ್ಲವನು ಇನ್ನೇನೇನು ಮುಚ್ಚಿಟ್ಟಿದ್ದಾನೆ?

ಅಂದಾನೆಪ್ಪ ಕಾಕಾ ಗಾಡಿ ತಂದಾಗ ಅವಳೇ ಡಬ್ಬಿ ಹಿಡಿದು ಹೋಗಿ ಸೀಟಿನ ಮೇಲೆ ಇಟ್ಟಳು. ಅಪ್ಪ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡುತ್ತಿದ್ದ.

"ಅಂದಾನೆಪ್ಪಾ, ಹುಬ್ಬಳ್ಳಿ ಡಾಕ್ಟ್ರು ಏನಂದ್ರು?"

ಕಾಕಾ ಚಾವಿಯನ್ನು ನೋಡಿಕೊಂಡು ನಿಂತ. "ಕುತ್ತಿಗ್ಯಾಗ ಮತ್ತ ಗಂಟಾಗೈತ್ರಿ ಅಕ್ಕಾರ. ಇನ್ನ ಮಾಡೂದೇನಿಲ್ಲ ಅಂದ್ರು. ಹಬ್ಬ ಮುಗೀಲಿ, ಆಮ್ಯಾಲೆ ಮನ್ಯಾಗ ಹೇಳ್ತೇನಿ ಅಂದಾನ" ಎಂದ.

ಅಪ್ಪ ಬಂದು ಗಾಡಿಯಲ್ಲಿ ಕೂತ. "ಬರ್ತೇನಕ್ಕ" ಎಂದ. "ಹೋಗಿ ಬಾರಪಾ" ಎಂದಳು. ಗಾಡಿ ತಿರುವು ದಾಟುವ ತನಕ ಕೈ ಬೀಸುತ್ತ ನಿಂತಳು.

ಮರುದಿನ ನಾನು ಹಳಿಯಾಳಕ್ಕೆ ಬಂದೆ. ಡಬ್ಬಿಯ ಪೇರಲವನ್ನು ಅವ್ವ, ನಾನು ಹಂಚಿಕೊಂಡು ತಿಂದೆವು. ಸಿಹಿಯೆಂದರೆ ಸಿಹಿ. ಅಪ್ಪ ಕೂತು ನೋಡುತ್ತಿದ್ದ. "ಬೆಲ್ಲ ಮುಂದ ಆಗೈತಿ ಅಂತ ನಿಮ್ಮತ್ತಿಗೆ ಹೇಳಿ ಬಂದೇನಿ" ಎಂದ. ಹೌದಲ್ಲ, ನಿಜವಾಗಿಯೂ ಸ್ವಲ್ಪ ಹೆಚ್ಚೇ ಆಗಿದೆ, ಅಪ್ಪನಿಗೆ ಗೊತ್ತಾಗಿದೆ ಎಂದು ಅವ್ವನ ಕಣ್ಣು ತುಂಬಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಹಾಗೆ ನಾವು ಅವತ್ತೇ ಯುಗಾದಿಗೆ ಎಲ್ಲಿಗೆ ಹೋಗುವುದೆಂದು ಮಾತಾಡಿದೆವು. ಅಪ್ಪನೂ ಮಾತಾಡಿದ. ಶ್ರೀಶೈಲಕ್ಕೆ ಹೋಗೂಣು ಎಂದವನು ಅವನೇ.

ಆ ವಾರ ಕಳೆಯುವ ಮೊದಲೇ ಅತ್ತೆ ಒಂದು ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಚಿಗಳ್ಳಿಯಲ್ಲಿ ಭತ್ತದ ಕೊಯ್ಲು ಬಾಯಿಗೆ ಬಂದ ಹೊತ್ತು. ಸುಗ್ಗಿ ಬಿಟ್ಟು ಯಾವ ಹೆಂಗಸು ತವರಿಗೆ ಬರುತ್ತಾಳೆ? ಕರಿಬಸಪ್ಪ ಮಾವನ ಜೊತೆ ಜಗಳವಾಡಿಕೊಂಡು ಬಂದಿರಬೇಕೆಂದು ಅವ್ವ ಪಿಸುಗುಟ್ಟಿದಳು. ನಾನು ಮುಖಕ್ಕೇ ಕೇಳಿದೆ, "ಯಾಕತ್ತಿ, ಮಾವ ಹೊರಗ ಹಾಕಿದನೇನ?" ಎಂದು. "ಹೂಂ ನೋಡವಾ, ತಮ್ಮನ ಅನ್ನಕ್ಕ ಬಂದೇನಿ" ಎಂದು ನಕ್ಕು, ಸೀರೆ ಎತ್ತಿಕಟ್ಟಿಕೊಂಡು ಒಲೆಯ ಮುಂದೆ ಕೂತಳು.

ಅಪ್ಪ ನಮಗೆ ವಿಷಯ ಹೇಳಿದ್ದು ಅದಾದ ಎಷ್ಟೋ ದಿನದ ಮೇಲೆ. ಅವ್ವ ಗೋಡೆಗೆ ತಲೆ ಬಡಿದುಕೊಂಡು ಅತ್ತಳು. ಅತ್ತೆ ಮಾತ್ರ ಅವ್ವನನ್ನು ಹಿಡಿದುಕೊಂಡು ಗಟ್ಟಿಯಾಗಿ ಕೂತಿದ್ದಳು. ಎಂಥ ಕಲ್ಲು ಮನಸ್ಸು ಎಂದು ನಾನು ಒಳಗೊಳಗೇ ಬೈದುಕೊಂಡೆ. ಅವಳು ಅಳುವಷ್ಟನ್ನು ಅದಾಗಲೇ ಒಬ್ಬಳೇ ಅತ್ತು ಮುಗಿಸಿದ್ದಳೆಂದು ನನಗೇನು ಗೊತ್ತು.

ಚಳಿಗಾಲ ಪೂರ್ತಿ ಅವಳೇ ಗಂಜಿ ಮಾಡಿ, ಸೋಸಿ, ಚಮಚದಿಂದ ಕುಡಿಸಿದಳು. ಒಂದು ದಿನ, "ಇವತ್ತೇನ್ ಮಾಡ್ಲೋ ರುದ್ರಾ, ಉಪ್ಪಿಂದೋ ಸಿಹೀದೋ?" ಎಂದು ಕೇಳಿದಳು. ಅಪ್ಪ ಅವಳನ್ನೇ ನೋಡಿದ. "ಯಾವುದರ ಮಾಡಕ್ಕ. ನನಗ ಎಲ್ಲಾ ಒಂದ" ಎಂದ. ಅವಳು ಅವನ ಗದ್ದ ಒರೆಸಿದಳು. ನಾನು ಅಲ್ಲೇ ಕೂತಿದ್ದೆ, ನನಗೆ ಅದು ಬೇಸತ್ತ ರೋಗಿಯ ಮಾತಾಗಿಯೇ ಕೇಳಿಸಿತು. ಶಿವರಾತ್ರಿಗೆ ಇನ್ನೂ ಇತ್ತು, ಅಷ್ಟರಲ್ಲಿ ಅಪ್ಪ ಹೋದ. ಹೋಗುವಾಗ ತಲೆ ಅವಳ ತೊಡೆಯ ಮೇಲಿತ್ತು.

ಹಿತ್ತಲ ಕಟ್ಟೆಯ ಮೇಲೆ ಇದೆಲ್ಲ ಹೇಳಿ ಮುಗಿಸಿ ಅತ್ತೆ ಚಾಕು ಕೆಳಗಿಟ್ಟಳು. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. "ಅವತ್ತೊಂದ್ ಚಮಚಾ ರುಚಿ ನೋಡಿದ್ರ ಬೆಲ್ಲ ಹಾಕ್ತಿದ್ದಿ. ನಿನಗೂ ಗೊತ್ತಾಗ್ತಿರಲಿಲ್ಲ. ನಮ್ಮಂಗ ನೀನೂ ನಾಕ್ ದಿನ ಸಂತೋಷದಾಗ ಇರ್ತಿದ್ದಿ" ಎಂದೆ.

"ಇರ್ತಿದ್ದೆ. ಸುಗ್ಗಿ ಮಾಡ್ಕೋತ ಇಲ್ಲೇ ಇರ್ತಿದ್ದೆ" ಎಂದಳು. "ಆದ್ರ ಅವ ಚಪ್ಪಿ ತಿಂದನಲ್ಲವಾ. ನನ್ನ ಕೈಲೆ ಕಡೀಗಿ ತಿಂದಿದ್ದ ತದಿಗಿ ಪೇರಲ, ಅದು ಚಪ್ಪಿ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗಲೇ ಮೊದಲು. ಅವನಿಗೆ ಹೇಗೂ ರುಚಿ ತಿಳಿಯುತ್ತಿರಲಿಲ್ಲ ಎಂದು ಸಮಾಧಾನ ಹೇಳಹೋದೆ. ಅಷ್ಟಕ್ಕೇ ಬಿಟ್ಟು, ಅವಳು ಕೆಳಗಿಟ್ಟ ಚಾಕು ತೆಗೆದುಕೊಂಡು ಉಳಿದ ಪೇರಲದ ಸಿಪ್ಪೆ ತೆಗೆದೆ.

ಮರುದಿನ ತದಿಗೆ. ಅಪ್ಪ ಹೋಗಿ ವರ್ಷ ತುಂಬಿರಲಿಲ್ಲ, ಹಾಗಾಗಿ ಅವ್ವ, ನಾನು ಕರಿದದ್ದೇನೂ ತಂದಿರಲಿಲ್ಲ. ಪಡಸಾಲೆಯಲ್ಲಿ ಅಪ್ಪನ ಫೋಟೋ ಇಟ್ಟು, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿದ್ದರು. ಗುರುಬಸವ್ವಜ್ಜಿ ಗೋಡೆಗೆ ಒರಗಿ ಕೂತು ಎಲ್ಲವೂ ಶಾಸ್ತ್ರದ ಪ್ರಕಾರ ನಡೆಯುತ್ತಿದೆಯೇ ಎಂದು ನೋಡುತ್ತಿದ್ದರು. ಅತ್ತೆ ಪೇರಲದ ಪಾತ್ರೆಯನ್ನು ತಂದು ಫೋಟೋದ ಮುಂದೆ ಕೂತಳು. ಹೋಳುಗಳನ್ನು ಬಟ್ಟಲಿಗೆ ಹಾಕಿದಳು. ಆಮೇಲೆ ಒಂದು ಚಮಚ ರಸ ಅಂಗೈಗೆ ಹಾಕಿಕೊಂಡು, ಎಲ್ಲರ ಎದುರಿಗೇ ಬಾಯಿಗೆ ಇಟ್ಟುಕೊಂಡಳು.

"ಏ ನೀಲಾ! ಎಡಿ ಇನ್ನೂ ತೋರ್ಸಿಲ್ಲ! ತಲಿ ಕೆಟ್ಟೈತೇನ ನಿಂದು?" ಎಂದು ಅಜ್ಜಿ ಕೂಗಿದರು.

ಅತ್ತೆ ಹಿಂದೆ ತಿರುಗಲಿಲ್ಲ. "ಅವನ ನಾಲಿಗಿ ಹೋತ್ರಿ ಅತ್ತಿ. ಇನ್ನ ಮ್ಯಾಲೆ ನನ್ನ ನಾಲಿಗೀಲೆ ನೋಡಿ ಇಡ್ಬೇಕು" ಎಂದಳು.

ಅಜ್ಜಿ ಬಯ್ಯಲು ತೆರೆದ ಬಾಯನ್ನು ಮುಚ್ಚಿಕೊಂಡರು. ಅವರಿಗೆ ಏನು ತಿಳಿಯಿತೋ, ಎಷ್ಟು ತಿಳಿಯಿತೋ. ಅವ್ವ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಕೊನೆಗೆ ಆ ಮುದುಕಿಯೇ ಮೆಲ್ಲಗೆ ಕೇಳಿದರು.

"ಹದ ಆಗೈತೇನವಾ?"

"ಬೆಲ್ಲ ಸ್ವಲ್ಪ ಮುಂದ ಆಗೈತ್ರಿ" ಎಂದು ಅತ್ತೆ ಬಟ್ಟಲನ್ನು ಅಪ್ಪನ ಮುಂದೆ ಇಟ್ಟಳು.